ಬೈಲಕುಪ್ಪೆಯ ಮಕ್ಕಳು ಅಕ್ಷರ ತಿದ್ದಲಿ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಮಕ್ಕಳಿಗೆ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ತಿದ್ದಿಸುವುದು ಕಾಲಹರಣ, ಮೊಬೈಲಿನಲ್ಲಿ ಒತ್ತಲು ಬಂದರೆ ಸಾಕು ಎಂಬ ಲೇಖನ ಓದಿದೆ. ಖಂಡಿತ ಒಪ್ಪಲಾರೆ.

ಟಿಬೆಟನ್ನಿಗೆ 30 ವ್ಯಂಜನ, 4 ಸ್ವರಚಿಹ್ನೆ. ಪುಸ್ತಕಗಳಲ್ಲಿ ಕಾಣುವ ‘ಉಚೆನ್’ ಲಿಪಿಯಲ್ಲಿ ಮೊದಲು ಮೇಲಿನ ಅಡ್ಡಗೆರೆ, ಎಡದಿಂದ ಬಲಕ್ಕೆ. ಬಳಿಕ ಅದರಿಂದ ಇಳಿಯುವ ಗೆರೆಗಳು. ಒತ್ತುಗಳು ನಮ್ಮಲ್ಲಿಯಂತೆ ಕೆಳಗೆ ಕೂರುತ್ತವೆ. ಮೇಲಿನದನ್ನು ಬರೆಯದೆ ಕೆಳಗಿನದಕ್ಕೆ ಜಾಗ ಅಂದಾಜಾಗದು. ಕೈಬರಹದ ‘ಉಮೆ’ಗೆ ತಲೆಗೆರೆಯೇ ಇಲ್ಲ. ಅದರ ಓಟದ ರೂಪವಾದ ‘ಖ್ಯುಗ್’ನಲ್ಲಿ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೈ ಎಲ್ಲಿಂದ ಎಲ್ಲಿಗೆ ಹರಿಯಿತು ಎಂಬುದೇ ಅಕ್ಷರದ ಆಕಾರವನ್ನು ತೀರ್ಮಾನಿಸುತ್ತದೆ. ಆ ಹರಿವು ತಿಳಿಯದವರಿಗೆ ಬರೆಯುವುದಿರಲಿ, ಓದುವುದೂ ಕಷ್ಟ. 1960ರ ದಶಕದ ಆರಂಭದಲ್ಲಿ ಇಲ್ಲಿ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರ ಕೈಬರಹವನ್ನು ಅವರ ಮೊಮ್ಮಕ್ಕಳು ಓದುವುದು ಬೇಡವೇ?

ಲೇಖಕರು ಚೀನಾದ ಮೊಬೈಲುಗಳನ್ನು ಸಾಕ್ಷಿಗೆ ಕರೆದಿದ್ದಾರೆ. ಅಲ್ಲಿ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಒತ್ತುವ ಪಿನ್‌ಯಿನ್ ಹೆಚ್ಚು ಬಳಕೆಯಲ್ಲಿದೆ, ನಿಜ. ಆದರೆ ಅಡ್ಡ, ಉದ್ದ, ಎಡಕ್ಕೆ ಇಳಿಯುವುದು, ಚುಕ್ಕೆ, ತಿರುವು ಎಂಬ 5 ಬಗೆಯ ಗೆರೆಗಳನ್ನು ಸರದಿಯಂತೆ ಒತ್ತಿ ಅಕ್ಷರ ಪಡೆಯುವ ಕೀಲಿಮಣೆಯೂ ಅದೇ ಮೊಬೈಲುಗಳಲ್ಲಿದೆ. ಸರದಿ ತಪ್ಪಿದರೆ ಅಕ್ಷರ ಸಿಗುವುದಿಲ್ಲ.

ಗೆರೆ ತಪ್ಪಿದ ಮಗುವಿನ ಬೆರಳಿಗೆ ಹೊಡೆಯುವುದನ್ನು ಅವರು ಖಂಡಿಸಿದ್ದು ಸರಿ. ಹಾಗಾದರೆ ಬೆತ್ತವನ್ನು ಕೆಳಗಿಡಿಸಿ. ಬೈಲಕುಪ್ಪೆಯಲ್ಲಾಗಲಿ, ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನೆಲೆಯಲ್ಲಾಗಲಿ ಮಕ್ಕಳ ಕೈಯಿಂದ ಲೇಖನಿ ಕಿತ್ತುಕೊಳ್ಳಬೇಡಿ.