ಹಿಂತಿರುಗುವ ಟಿಕೆಟು ಯಾರನ್ನು ಕಾಯುತ್ತದೆ?

ಪ್ರವಾಸಿ ವೀಸಾ ಕೈಯಲ್ಲಿದ್ದರೆ ಸಾಲದು, ಹಿಂತಿರುಗುವ ಟಿಕೆಟನ್ನೂ ಮೊದಲೇ ಕೊಂಡು ತೋರಿಸಬೇಕೆಂಬ ಕಟ್ಟಳೆ ಅನೇಕ ದೇಶಗಳಲ್ಲಿದೆ. ಬಂದವನು ಅಲ್ಲಿಯೇ ನಿಂತುಬಿಡಬಾರದೆಂಬುದು ಅದಕ್ಕೆ ಕೊಡುವ ಸಮರ್ಥನೆ. ನಾವು ಇದನ್ನು ಒಪ್ಪಲಾರೆವು.

ಟಿಕೆಟು ಯಾರನ್ನೂ ಎಳೆದು ತರುವುದಿಲ್ಲ. ಉಳ್ಳವನು ದುಬಾರಿ ಟಿಕೆಟು ಕೊಂಡು, ಗಡಿ ದಾಟಿದ ಮೇಲೆ ರದ್ದು ಮಾಡಿಸಿ ಹಣ ಹಿಂದಕ್ಕೆ ಪಡೆಯಬಲ್ಲ. ಅಗ್ಗದ ಟಿಕೆಟು ಕೊಂಡ ಬಡವನಿಗೆ ಬಹುಮಟ್ಟಿಗೆ ಆ ದಾರಿಯಿಲ್ಲ. ದಿನ ಬದಲಾದರೆ ದುಡ್ಡು ಹೋದಂತೆಯೇ. ಮೋಸಗಾರನನ್ನು ಬಿಟ್ಟು ಬಡವನನ್ನು ಹಿಡಿಯುವ ಬಲೆಯಿದು!

ಈ ಬಲೆಯನ್ನು ಹಿಡಿದು ನಿಂತವರಾರು? ವಿಮಾನ ಕಂಪನಿಯ ಗುಮಾಸ್ತರು. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದರೆ ತಲೆಗೆ 1,000 ಪೌಂಡು ದಂಡವೆಂದು ಬ್ರಿಟನ್ 1987ರಲ್ಲಿ ಕಾನೂನು ಮಾಡಿತು. ಇಂತಹ ಕಾನೂನುಗಳು ಇತರ ದೇಶಗಳಲ್ಲೂ ಇವೆ. ದಂಡಕ್ಕೆ ಹೆದರಿದ ಕಂಪನಿ, ಸಂಶಯ ಬಂದವರನ್ನು ವಿಮಾನ ಹತ್ತಗೊಡುವುದೇ ಇಲ್ಲ. ಸಂಬಳದ ಗುಮಾಸ್ತ ಪರದೇಶದ ಪೋಲೀಸನಾಗಿದ್ದಾನೆ. ವಿಮಾನ ಹೊರಡುವ ಹೊತ್ತಿಗೆ ಅವನ ತೀರ್ಪಿನ ಮೇಲೆ ಅಪೀಲು ಎಲ್ಲಿ?

ವಿದೇಶ ಪ್ರಯಾಣದ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು. ಆ ಹಕ್ಕು ಜೇಬು ತುಂಬಿದವರಿಗಷ್ಟೇ ಏನು?

ಪರರನ್ನು ದೂರಿದರೆ ಸಾಲದು. ಭಾರತದ ಇ-ವೀಸಾ ಸೂಚನೆಗಳೂ ಬರುವವರಿಂದ ಹಿಂತಿರುಗುವ ಅಥವಾ ಮುಂದಿನ ಪ್ರಯಾಣದ ಟಿಕೆಟನ್ನು ಬಯಸುತ್ತವೆ. ವೀಸಾ ಕೊಡುವಾಗಲೇ ವಿಚಾರಣೆ ಮುಗಿದಿರುವಾಗ ಬಾಗಿಲಲ್ಲಿ ಮತ್ತೆ ಜೇಬು ತಡಕುವುದೇಕೆ? ಸರಕಾರ ಮೊದಲು ತನ್ನ ಮನೆಯ ಬಾಗಿಲಿನ ಈ ಕಟ್ಟಳೆಯನ್ನು ಕಿತ್ತುಹಾಕಲಿ. ಆಮೇಲೆ ನೆರೆಮನೆಯವರನ್ನು ಕೇಳಲಿ. ಬಡವನಿಗೂ ಲೋಕ ನೋಡುವ ಹಕ್ಕಿದೆ.