ಬ್ಯಾಡಗಿ ಮೆಣಸಿನಕಾಯಿ ಕಡಲು ದಾಟಿತು, ಅದರ ಸುದ್ದಿ ಬರೆಯುವವರು ಯಾಕೆ ದಾಟಬಾರದು?

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಬಂಧುಗಳೇ,

2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಬಿದ್ದ ಸಿಟ್ಟಿಗೆ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿದರು, ವಾಹನಗಳು ಹೊತ್ತಿ ಉರಿದವು. ಅಂದು ರಾತ್ರಿ ಯಾವ ಟಿ.ವಿ. ಹಾಕಿದರೂ ಬ್ಯಾಡಗಿ. ಕೆಲವೇ ದಿನಗಳಲ್ಲಿ ಕ್ಯಾಮೆರಾಗಳು ಬಂದ ದಾರಿ ಹಿಡಿದವು, ಉಳಿದವರು ನನ್ನಂಥ ತಾಲ್ಲೂಕು ವರದಿಗಾರರು. ಆಗ ರೈತರೊಬ್ಬರು ಖಾಲಿ ಚೀಲ ಮಡಚುತ್ತ ನನ್ನನ್ನು ಕೇಳಿದರು: "ಸುಟ್ಟ ಗಾಡಿ ಬರದ್ರಿ, ಬರೀರಿ ಬಿಡ್ರಿ. ಈ ಕಾಯಿ ಮುಂದ ಎಲ್ಲಿಗೆ ಹೊಕ್ಕೈತಿ, ಅಲ್ಲಿ ಏನ್ ರೇಟ್ ಐತಿ, ಅದನ್ಯಾಕ ಬರಿಯಂಗಿಲ್ರಿ ಸರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಕರಪತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಮ್ಮ ಕಡ್ಡಿ, ಡಬ್ಬಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಕಾಯಿಯಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ಹೊರದೇಶಗಳ ಆಹಾರ ಪದಾರ್ಥಕ್ಕೂ ತುಟಿಯ ಬಣ್ಣಕ್ಕೂ ಸೇರುತ್ತದೆ. ಕಾಯಿಯ ಕೆಂಪನ್ನು ಅಳೆಯುವ ಲೆಕ್ಕಕ್ಕೆ 'ಆಸ್ಟಾ' ಎನ್ನುತ್ತಾರೆ. ಅದು ಅಮೆರಿಕದ ಸಾಂಬಾರ ಪದಾರ್ಥ ವ್ಯಾಪಾರಿಗಳ ಸಂಘದ ಹೆಸರು. ಅಂದರೆ ನಮ್ಮ ಹೊಲದ ಕಾಯಿಯನ್ನು ಅಳೆಯುವ ಕೋಲು ಅಮೆರಿಕದ್ದು. ಆ ಕೋಲು ಹಿಡಿದವರನ್ನು ನಮ್ಮ ಭಾಗದ ವರದಿಗಾರರು ಎದುರು ಕೂತು ಪ್ರಶ್ನೆ ಕೇಳುವುದು ಯಾವಾಗ?

ರಾಣೆಬೆನ್ನೂರಿನ ಬೀಜದ ಪ್ಲಾಟಿಗೆ ಬನ್ನಿ. ಮಧ್ಯಾಹ್ನ ಇಳಿದ ಮೇಲೆ ಹೆಣ್ಣುಮಕ್ಕಳು ಸಾಲಿನಲ್ಲಿ ಬಗ್ಗಿ, ನಾಳೆ ಅರಳುವ ಮೊಗ್ಗನ್ನು ಚಿಮುಟದಿಂದ ಬಿಡಿಸಿ ಗಂಡು ಕೇಸರ ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಸವರುತ್ತಾರೆ. ಇದಕ್ಕೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಕ್ರಾಸಿಂಗ್. ಒಂದೊಂದು ಹೂವಿಗೂ ಒಬ್ಬಳ ಬೆರಳು ತಾಗಿರುತ್ತದೆ. ಬೀಜ ಪರೀಕ್ಷೆಯಲ್ಲಿ ಫೇಲಾದರೆ ನಷ್ಟ ಮಾತ್ರ ರೈತನ ಮನೆಗೆ. ಪಾಸಾದ ಬೀಜದ ಪೊಟ್ಟಣ ಕೊನೆಗೆ ಯಾವ ದೇಶದ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಯಿತು ಎಂಬ ವರದಿಯನ್ನು ನಾನು ಕನ್ನಡದಲ್ಲಿ ಓದಿಲ್ಲ.

2008ರ ಜೂನ್ 10 ಹಾವೇರಿಗೆ ಮರೆಯಲಾಗದ ದಿನ. ಗೊಬ್ಬರ ಕೇಳಿದವರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ರೈತರನ್ನು ಕಳೆದುಕೊಂಡೆವು. ಆ ವರ್ಷ ಜಗತ್ತಿನೆಲ್ಲೆಡೆ ಗೊಬ್ಬರದ ಬೆಲೆ ಆಕಾಶಕ್ಕೇರಿತ್ತು. ಡಿ.ಎ.ಪಿ. ಚೀಲದ ಹಿಂದೆ ಮೊರೊಕ್ಕೊ, ಜೋರ್ಡಾನ್‌ನಂಥ ದೇಶಗಳ ಫಾಸ್ಫೇಟ್ ಗಣಿಗಳಿವೆ. ನಾವು ಬರೆದದ್ದು ಚೀಲ ಮುಗಿದ ಸುದ್ದಿಯನ್ನು. ಚೀಲ ಯಾಕೆ ಬರಲಿಲ್ಲ ಎಂದು ಬಂದರಿನಾಚೆಗೆ ಹೋಗಿ ನೋಡುವ ಶಕ್ತಿ ನಮಗಿರಲಿಲ್ಲ.

ಹಾಗೆ ಹೋಗಿ ನೋಡಲೆಂದೇ ಪತ್ರಕರ್ತರಿಗೆ ಫೆಲೋಶಿಪ್‌ಗಳಿವೆ. ಇವು ಬಹುಮಾನವಲ್ಲ, ಪ್ರವಾಸವೂ ಅಲ್ಲ. ಪ್ರಯಾಣ, ವಸತಿ, ಊಟದ ಖರ್ಚು ಫೆಲೋಶಿಪ್ ಕೊಡುವವರದು, ವರದಿ ನಮ್ಮದು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಶೋಲ್ಡ್ 1961ರಲ್ಲಿ ಆಫ್ರಿಕಾದಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅವರ ಹೆಸರಿನ ನಿಧಿ 1962ರಿಂದ ಅಭಿವೃದ್ಧಿಶೀಲ ದೇಶಗಳ ಎಳೆಯ ಪತ್ರಕರ್ತರನ್ನು ನ್ಯೂಯಾರ್ಕ್‌ಗೆ ಕರೆಸಿ, ವಿಶ್ವಸಂಸ್ಥೆಯ ಮಹಾಸಭೆಯ ವರದಿ ಮಾಡಿಸುತ್ತಿದೆ. ವಯಸ್ಸು 25ರಿಂದ 35. 2004ರಲ್ಲಿ ಶುರುವಾದ ಅರ್ತ್ ಜರ್ನಲಿಸಂ ನೆಟ್‌ವರ್ಕ್ ಪರಿಸರದ ವರದಿಗೆ ನೆರವು ಕೊಡುತ್ತದೆ, ಹವಾಮಾನ ಸಮ್ಮೇಳನಗಳಿಗೂ ನಮ್ಮಂಥ ದೇಶಗಳವರನ್ನು ಕಳಿಸುತ್ತದೆ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಸಂಸ್ಥೆಯಲ್ಲೂ ಅವಕಾಶವಿದೆ. ಒಂದು ಫೆಲೋಶಿಪ್ ಏನು ಮಾಡಬಲ್ಲದು ಎಂದು ಕೇಳಿದರೆ ಪತ್ರಕರ್ತ ಪಿ. ಸಾಯಿನಾಥ್ ಅವರತ್ತ ನೋಡಿ. 1993ರಲ್ಲಿ ಸಿಕ್ಕ ಫೆಲೋಶಿಪ್ ಹಿಡಿದು ದೇಶದ ಅತಿ ಬಡ ಜಿಲ್ಲೆಗಳನ್ನು ಸುತ್ತಿದರು. ಆ ವರದಿಗಳೇ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೂ ಬಂದವು.

ಹಾಗಾದರೆ ನಮ್ಮವರು ಯಾಕೆ ಅರ್ಜಿ ಹಾಕುವುದಿಲ್ಲ? ನನ್ನದೇ ಹೇಳುತ್ತೇನೆ. ಮೂವತ್ತೆರಡನೇ ವಯಸ್ಸಿನಲ್ಲಿ ಇಂಥದೊಂದು ಅರ್ಜಿ ತುಂಬಲು ಕೂತೆ. ಅರ್ಜಿ ಇಂಗ್ಲಿಷಿನಲ್ಲಿ. ನನ್ನ ಕನ್ನಡದ ವರದಿಗಳಿಗೂ ಇಂಗ್ಲಿಷ್ ಅನುವಾದ ಬೇಕು. ಪಾಸ್‌ಪೋರ್ಟ್ ಇರಲಿಲ್ಲ. ಅದನ್ನೆಲ್ಲ ಹೇಗೋ ಹೊಂದಿಸುತ್ತಿದ್ದೆನೇನೋ. ಸಂಪಾದಕರ ಪತ್ರ ಬೇಕಿತ್ತು, ಒಂದೇ ಪುಟ. ನಾನು ಬರೆಯುತ್ತಿದ್ದ ಪತ್ರಿಕೆಗೆ ನಾಲ್ಕು ಸಲ ಫೋನ್ ಮಾಡಿದೆ. "ನೀವು ನಮ್ಮ ನೌಕರರಲ್ಲವಲ್ಲ" ಎಂದರು. ಹನ್ನೊಂದು ವರ್ಷ ದಿನಾ ಸುದ್ದಿ ಕಳಿಸಿದವನಿಗೆ ಆ ಮಾತು. ಕೊನೆಯ ದಿನ ದಾಟಿತು. ಕತ್ತರಿಸಿಟ್ಟ ವರದಿಗಳ ಫೈಲ್ ಇವತ್ತಿಗೂ ಟ್ರಂಕಿನಲ್ಲಿದೆ. ನನ್ನ ವಯಸ್ಸು ದಾಟಿತು, ನನಗಿನ್ನು ಅದು ಬೇಡ. ಆದರೆ ಇವತ್ತು ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿಸಿಕೊಂಡು ಹಳ್ಳಿ ಸುತ್ತುವ ಇಪ್ಪತ್ತಾರರ ಹುಡುಗನಿಗೆ, ಕಾಲೇಜು ಮುಗಿಸಿ ವೆಬ್ ಚಾನೆಲ್‌ಗೆ ಸುದ್ದಿ ಮಾಡುವ ಹುಡುಗಿಗೆ ಹೀಗಾಗುವುದನ್ನು ನಾನು ನೋಡಿಕೊಂಡು ಸುಮ್ಮನಿರಲಾರೆ.

ಹೊರಗೆ ಹೋಗಿ ಕಲಿತು ಬರುವುದು ನಮ್ಮ ಮಣ್ಣಿಗೆ ಹೊಸದೂ ಅಲ್ಲ. ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು, ನಮ್ಮೆಲ್ಲರ 'ಪಾಪು', 1940ರ ದಶಕದ ಕೊನೆಗೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕೋದ್ಯಮ ಓದಿ ಬಂದರು. ತಿರುಗಿ ಬಂದು ಹುಬ್ಬಳ್ಳಿಯಲ್ಲಿ ಕನ್ನಡ ವಾರಪತ್ರಿಕೆ ಕಟ್ಟಿದರು, ಅದಕ್ಕೆ 'ಪ್ರಪಂಚ' ಎಂದೇ ಹೆಸರಿಟ್ಟರು. ಜಗತ್ತು ನೋಡಿ ಬಂದ ಪಾಪು ಬರೆದದ್ದು ಕನ್ನಡದಲ್ಲಿ, ನಮಗೆ.

ಬಂಧುಗಳೇ, ನಾವು ಚಂದಾ ಎತ್ತುತ್ತಿಲ್ಲ. ಕಾಲೇಜುಗಳ ಇಂಗ್ಲಿಷ್ ಮೇಷ್ಟ್ರೇ, ಮೇಡಂನವರೇ, ತಿಂಗಳಿಗೆ ಒಂದು ವರದಿ ಅನುವಾದಿಸಿಕೊಡಿ. ಭಾಷೆ ತಿದ್ದಿ, ಆದರೆ ರೈತನ ಮಾತನ್ನು ಕೋಟು ಹಾಕಿಸಿ ನಿಲ್ಲಿಸಬೇಡಿ. ಸಂಪಾದಕರೇ, ಸಂಬಳ ಕೊಡಲಾಗದಿದ್ದರೂ "ಇವರು ನಮ್ಮ ವರದಿಗಾರರು, ಇವರು ಕಳಿಸಿದ್ದನ್ನು ಪ್ರಕಟಿಸುತ್ತೇವೆ" ಎಂಬ ಒಂದು ಪತ್ರ ಕೊಡಿ. ಅಡತಿ ಅಂಗಡಿಯವರೇ, ಬೀಜದ ವ್ಯವಹಾರ ಬಲ್ಲವರೇ, ಸರಕು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆಂದು ಹೇಳಿ. ಏನು ಬರೆಯಬೇಕೆಂದು ಮಾತ್ರ ಹೇಳಬೇಡಿ. ಕ್ರಾಸಿಂಗ್‌ಗೆ ಹೋಗುವ ಅಕ್ಕಂದಿರೇ, ನಮ್ಮ ಹುಡುಗಿಯರು ನೋಟ್‌ಬುಕ್ ಹಿಡಿದು ಬಂದರೆ ನಿಮ್ಮ ಸಾಲಿನಲ್ಲಿ ಜಾಗ ಕೊಡಿ. ತಂದೆ ತಾಯಂದಿರೇ, ಆ ಹುಡುಗಿಯರನ್ನು ತಡೆಯಬೇಡಿ.

ಇನ್ನು ವರದಿಗಾರ ಮಿತ್ರರೇ, ನಾಳೆಯೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಇಂಗ್ಲಿಷ್ ಬರುವುದಿಲ್ಲ ಎಂದು ನಾಚಬೇಡಿ, ಅದನ್ನು ಕೂತು ಕಲಿಯಬಹುದು. ಬೆಳೆ ಒಣಗಿದ ಹೊಲದ ಬದುವಿನಲ್ಲಿ ನಿಂತು ರೈತನನ್ನು ಮಾತಾಡಿಸುವುದು ನಿಮಗೆ ಈಗಲೇ ಬರುತ್ತದೆ, ಅದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ರಾಣೆಬೆನ್ನೂರಿನ ಸಾರ್ವಜನಿಕ ಗ್ರಂಥಾಲಯದ ಮುಂದೆ ಸೇರೋಣ. ವೇದಿಕೆ, ಹಾರ, ಶಾಲು ಇರುವುದಿಲ್ಲ. ನಿಮ್ಮ ಐದು ಒಳ್ಳೆಯ ವರದಿಗಳ ಕಟಿಂಗ್ ತನ್ನಿ. ಅಂದೇ ಇಬ್ಬಿಬ್ಬರನ್ನು ಒಬ್ಬೊಬ್ಬ ಅನುವಾದಕರ ಜೊತೆ ಕೂರಿಸಿ ಕೆಲಸ ಶುರು ಮಾಡುತ್ತೇವೆ. ಮೊದಲ ಅರ್ಜಿ ಮೆಣಸಿನಕಾಯಿಯ ಬಗ್ಗೆ. ಅಂದು ಚೀಲ ಮಡಚುತ್ತಿದ್ದ ಆ ರೈತರು ತಾವೂ ಬರುತ್ತೇನೆ ಎಂದಿದ್ದಾರೆ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಕೆಲವು ವರದಿಗಾರರು ಮತ್ತು ಓದುಗರು

(ಓದಿದ ಮೇಲೆ ಬಿಸಾಡಬೇಡಿ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಡಿ.)