ಮನೆಯ ಮಾತು: ನೆಲ ಕೊಳ್ಳುವ ಮುನ್ನ



ರಾಯರ ದರ್ಶನಕ್ಕೆ ಮಂತ್ರಾಲಯಕ್ಕೆ ಬಂದವರಲ್ಲಿ ಅನೇಕರಿಗೆ ತುಂಗಭದ್ರೆಯ ದಡದಲ್ಲಿ ಒಂದು ನಿವೇಶನವಾದರೂ ಇರಲಿ ಎಂಬ ಆಸೆ ಹುಟ್ಟುವುದು ಸಹಜ. ಆದವಾನಿ, ಆಲೂರು ಕಡೆಯ ನಮ್ಮ ಮನೆತನಗಳಲ್ಲಿಯೂ ಕೂಡಿಟ್ಟ ಹಣವನ್ನು ನೆಲಕ್ಕೆ ಹಾಕುವುದೇ ಕ್ಷೇಮವೆಂಬ ನಂಬಿಕೆ ಹಿರಿಯರಿಂದ ಬಂದಿದೆ. ನಂಬಿಕೆ ತಪ್ಪಲ್ಲ. ಆದರೆ ನೆಲ ಕೊಳ್ಳುವುದೂ ಒಂದು ವಿದ್ಯೆ. ಅದನ್ನು ಕಲಿತೇ ಕೈಹಾಕಬೇಕು.

ಮೊದಲನೆಯ ಪಾಠ ಅಳತೆಯದು. ಇದರಲ್ಲಿ ಎಡವಿದವರು ನಾವೇ. ಕೆಲವು ವರ್ಷಗಳ ಹಿಂದೆ ಹೊಲವೊಂದನ್ನು ನೋಡಹೋದಾಗ ಕಾಗದದಲ್ಲಿ ‘2.20’ ಎಂದಿತ್ತು. ರಾಯಚೂರು ಸೀಮೆಯ ಲೆಕ್ಕಕ್ಕೆ ಒಗ್ಗಿದ್ದ ನಾವು ಎರಡೂವರೆ ಎಕರೆಯೆಂದೇ ಬೆಲೆ ಕಟ್ಟಿದೆವು. ಮುಂಗಡ ಕೊಡುವ ಹೊತ್ತಿಗೆ ಪಕ್ಕದ ಹೊಲದ ಅಜ್ಜನೊಬ್ಬ, “ಸಾಮಿ, ಅದು ಗುಂಟಿ ಅಲ್ಲ, ಸೆಂಟು” ಎಂದ. ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ; ಆಂಧ್ರದಲ್ಲಿ 100 ಸೆಂಟು. ಇಲ್ಲದ ಹನ್ನೆರಡು ಗುಂಟೆಗೆ ತೆರಬೇಕಾಗಿದ್ದ ಹಣ ಆ ಅಜ್ಜನ ಒಂದು ಮಾತಿನಿಂದ ಉಳಿಯಿತು.

ಎರಡನೆಯದು ಕಾಗದ ಓದುವುದು. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮನೆಮಾತು ಇಂದಿಗೂ ಕನ್ನಡವಾದರೂ ಕಾಗದಪತ್ರಗಳು ತೆಲುಗಿನವು. ನಂಬಿಕಸ್ಥರಿಂದ ಓದಿಸಿ ಕೇಳದೆ ರುಜು ಹಾಕಕೂಡದು. ಅಲ್ಲಿನ ಪಹಣಿಗೆ ಸಮನಾದುದು ಇಲ್ಲಿನ ಅಡಂಗಲ್. ಅದರೊಡನೆ 1-ಬಿ ನಕಲನ್ನೂ ನೋಡಬೇಕು. ಆದರೆ ಅಡಂಗಲ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗದು. ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ಪಡೆಯುವುದು ಒಳ್ಳೆಯದು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳಷ್ಟೆ. ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ.

ಆದುದರಿಂದ ಮೂರನೆಯದಾಗಿ, ಮಾರುವವರ ಮನೆಯವರನ್ನು ಅರಿಯಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿಗೆ ಆಂಧ್ರದಲ್ಲಿ 1986ರ ತಿದ್ದುಪಡಿಯು ದಾರಿ ತೆರೆಯಿತು. ಮದುವೆಯಾದವರಿಗೂ ಅದನ್ನು 2005ರ ಕೇಂದ್ರ ತಿದ್ದುಪಡಿಯು ವಿಸ್ತರಿಸಿತು. ಅಣ್ಣತಮ್ಮಂದಿರ ರುಜುವಷ್ಟೇ ಇದ್ದು ಅಕ್ಕತಂಗಿಯರದು ಇಲ್ಲವಾದರೆ, ಇಂದಲ್ಲದಿದ್ದರೆ ನಾಳೆ ವ್ಯಾಜ್ಯ ಬಂದೀತು. ಅವರ ಪಾಲನ್ನು ಗೌರವಿಸುವುದು ಧರ್ಮವೂ ಹೌದು.

ನಾಲ್ಕನೆಯದು, ನೆಲದ ಜಾತಿ. ಭೂಹೀನ ಬಡವರಿಗೆ ಸರ್ಕಾರ ಹಂಚಿದ ಜಮೀನಿನ ಪರಭಾರೆಯನ್ನು 1977ರ ಕಾನೂನು ನಿರ್ಬಂಧಿಸಿತು. ಮುಂದೆ ಕೆಲವು ಸಡಿಲಿಕೆಗಳಾದರೂ, ಅಂಥ ಜಮೀನೂ ದೇವಸ್ಥಾನದ ಜಮೀನೂ ನಿಷೇಧಿತ ಪಟ್ಟಿಯಲ್ಲಿವೆಯೇ ಎಂದು ಸಬ್‌ರಿಜಿಸ್ಟ್ರಾರ್ ಮತ್ತು ತಹಶೀಲ್ದಾರರ ಕಚೇರಿಗಳಲ್ಲಿ ವಿಚಾರಿಸದೆ ಮುಂಗಡ ಕೊಡಬಾರದು.

ಕೊನೆಯದಾಗಿ, ನೆಲವನ್ನು ಬೇಸಿಗೆಯಲ್ಲಿ ಮಾತ್ರ ನೋಡಬೇಡಿರಿ. 2009ರ ಅಕ್ಟೋಬರ್ ತಿಂಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿತು. ಆಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರ ಹಿರಿಯರನ್ನು ಕೇಳಿರಿ. ದಲ್ಲಾಳಿಯ ನಕ್ಷೆಯಲ್ಲಿ ಆ ಗೆರೆ ಇರುವುದಿಲ್ಲ.

ಇವೆಲ್ಲಕ್ಕೂ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. “ನಾಳೆಯಾದರೆ ಕೈತಪ್ಪುತ್ತದೆ” ಎನ್ನುವವರಿಗೆ, “ತಪ್ಪಲಿ” ಎನ್ನಬಲ್ಲವನೇ ಈ ವಿದ್ಯೆಯಲ್ಲಿ ತೇರ್ಗಡೆಯಾದವನು. ಮಗಳ ಮದುವೆಗೆಂದು, ಮಗನ ಓದಿಗೆಂದು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣವದು. ಒಂದು ವಾರ ಕಾದು ವಿಚಾರಿಸುವಷ್ಟು ಋಣ ಅದಕ್ಕೆ ನಮ್ಮಿಂದ ಸಲ್ಲಬೇಕು.